ಏಕಭುಕ್ತ ಮತ್ತು ಹೆಸರುಬೇಳೆ

ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ಉಗ್ರಾದಿತ್ಯಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿಯೇ ‘ಕಲ್ಯಾಣಕಾರಕ’ದಲ್ಲಿ ಬೋಧಿಸಿದರು. ಬಲಕ್ಕೆ ಮಾಂಸ ಬೇಡ. ಬೇಳೆ ಮಾತ್ರ ಬೇಕೇ ಬೇಕು.

ದಶಲಕ್ಷಣ ಪರ್ವದಲ್ಲಿ ಏಕಭುಕ್ತವನ್ನು ಆಚರಿಸುವ ರಾಜಾಜಿನಗರ, ವಿಜಯನಗರಗಳ ಶ್ರಾವಕರಿಗೆ ದಿನದ ಸಸಾರಜನಕವೆಲ್ಲ ಒಂದೇ ಊಟದಿಂದ ದೊರೆಯಬೇಕು. 55 ಕಿಲೋ ತೂಕದ ವಯಸ್ಕರಿಗೆ ಅದು ಸುಮಾರು 46 ಗ್ರಾಂ. ತಿಳಿಸಾರನ್ನದಲ್ಲೇ ಹತ್ತು ದಿನ ಕಳೆದ ವೃದ್ಧರು ಸೊರಗಿದರೆ ದೋಷ ವ್ರತದ್ದಲ್ಲ. ದ್ವಿದಳ ನಿಯಮದಂತೆ ಬೇಳೆಯೊಡನೆ ಹಸಿ ಮೊಸರನ್ನು ವರ್ಜಿಸುವವರ ತಟ್ಟೆಯಲ್ಲಂತೂ ತೊವ್ವೆಯ ಪಾಲು ಹಿರಿದಾಗಿರಬೇಕು.

100 ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಸಸಾರಜನಕವಿದೆ. ಉದ್ದಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಆಯುರ್ವೇದವು ಉದ್ದನ್ನು ಗುರುವೆಂದೂ ಹೆಸರನ್ನು ಲಘುವೆಂದೂ ಗಣಿಸುತ್ತದೆ. ಉಪವಾಸದಿಂದ ಮಂದವಾದ ಜಠರಾಗ್ನಿಗೆ ಗುರುದ್ರವ್ಯ ಹೊರೆ. ಆದುದರಿಂದ ಪಾರಣೆಯಲ್ಲಿ ಮೊದಲು ತೆಳುವಾದ ಹೆಸರುಕಟ್ಟು, ಅನಂತರ ಮೆತ್ತನೆಯ ಅನ್ನ, ತೊವ್ವೆ. ಉದ್ದಿನ ವಡೆಗಳು ಮರುದಿನಕ್ಕಿರಲಿ.