ಪತನೋನ್ಮುಖ ಉಪಗ್ರಹದ ಗತಿವಿಚಾರ

'ಉಪಗ್ರಹ' ಎಂಬ ಶಬ್ದದಲ್ಲಿಯ 'ಉಪ' ಎಂಬುದು ಸಾಮೀಪ್ಯವನ್ನು ಸೂಚಿಸುವ ಉಪಸರ್ಗ. ಗ್ರಹದ ಸಮೀಪದಲ್ಲಿದ್ದು ಅದನ್ನು ಸುತ್ತುವುದೇ ಉಪಗ್ರಹ. ಈ ಸಾಮೀಪ್ಯವು ಮಿತಿಮೀರಿದಾಗ ವಾಯುವಿನ ತಡೆಯಿಂದ ಅದು ಕ್ರಮೇಣ ಕೆಳಗಿಳಿಯುತ್ತದೆ. ಬೀಳುವುದು ನಿಶ್ಚಿತವಾದರೂ ಬೀಳುವ ಎಡೆಯನ್ನು ಮುಂಚಿತವಾಗಿ ಹೇಳುವುದು ಕಠಿನ. ಅದೇಕೆಂಬುದೇ ಪ್ರಕೃತ ವಿಚಾರ.

1979ರಲ್ಲಿ ಅಮೆರಿಕದ 'ಸ್ಕೈಲ್ಯಾಬ್' ಬೀಳಲಿದೆಯೆಂಬ ವಾರ್ತೆ ಹಬ್ಬಿದಾಗ ನಮ್ಮ ದೇಶದ ಅನೇಕ ಊರುಗಳಲ್ಲಿ ಜನರು ಭಯಗ್ರಸ್ತರಾದರು. ಜುಲೈ 11ರಂದು ಅದರ ಅವಶೇಷಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಬಿದ್ದವು, ಯಾರಿಗೂ ಗಾಯವಾಗಲಿಲ್ಲ.

ನಮ್ಮದೇ ಆದ 'ರಿಸ್ಯಾಟ್-2' ಉಪಗ್ರಹದ ಪತನವು ಈ ವಿಷಯಕ್ಕೆ ಉತ್ತಮ ನಿದರ್ಶನ. ಸುಮಾರು 300 ಕಿಲೋಗ್ರಾಂ ತೂಕದ ಇದು 2009ರ ಏಪ್ರಿಲ್ 20ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ನಾಲ್ಕು ವರ್ಷಗಳ ಆಯುಷ್ಯಕ್ಕೆಂದು 30 ಕಿಲೋಗ್ರಾಂ ಇಂಧನವನ್ನು ಹೊತ್ತಿದ್ದರೂ, ಮಿತವ್ಯಯದ ಫಲವಾಗಿ ಹದಿಮೂರು ವರ್ಷ ದುಡಿಯಿತು. ಇಂಧನವು ಬರಿದಾದ ಮೇಲೆ ಅದನ್ನು ನಿಯಂತ್ರಿಸುವ ಉಪಾಯವಿರಲಿಲ್ಲ. ಅದರ ಕಕ್ಷೆಯು ಭೂಮಧ್ಯರೇಖೆಗೆ 41 ಅಂಶಗಳಷ್ಟು ಓರೆಯಾಗಿದ್ದುದರಿಂದ, ಸುಮಾರು 15 ಅಂಶ ಉತ್ತರ ಅಕ್ಷಾಂಶದಲ್ಲಿರುವ ಬಳ್ಳಾರಿಯೂ ಅದರ ಸಂಚಾರವಲಯದೊಳಗೇ ಇತ್ತು.

ಇಂತಹ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರು. ಬಳ್ಳಾರಿಯ ಮೇಲಿಂದ ಹೊರಟರೆ ಮೂರು ಸೆಕೆಂಡುಗಳಲ್ಲಿ ಕುರುಗೋಡನ್ನೂ ಏಳು ಸೆಕೆಂಡುಗಳಲ್ಲಿ ಸಿರುಗುಪ್ಪವನ್ನೂ ಅದು ತಲುಪಬಲ್ಲದು. ಆದಕಾರಣ ಗಣನೆಯಲ್ಲಿ ಒಂದು ನಿಮಿಷ ತಪ್ಪಿದರೆ ಸ್ಥಳವು ಸುಮಾರು 468 ಕಿಲೋಮೀಟರು ತಪ್ಪುತ್ತದೆ; ಒಂದು ಗಂಟೆ ತಪ್ಪಿದರೆ ಭೂಪರಿಧಿಯ ಮೂರರಲ್ಲಿ ಎರಡು ಪಾಲಿಗೂ ಮಿಗಿಲಾದ ಅಂತರವುಂಟಾಗುತ್ತದೆ.

ಗಣನೆಯು ತಪ್ಪಲು ಕಾರಣಗಳು ಎರಡು. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಮೇಲಣ ವಾಯುಮಂಡಲವು ಕಾದು ಉಬ್ಬುತ್ತದೆ, ತಡೆಯು ಅಧಿಕವಾಗುತ್ತದೆ. ಉರುಳಾಡುವ ಉಪಗ್ರಹವು ಅಗಲವಾದ ಮೈಯನ್ನು ಒಡ್ಡಿದಾಗ ಒಂದು ಬಗೆಯ ತಡೆ, ಕಿರಿದಾದುದನ್ನು ಒಡ್ಡಿದಾಗ ಮತ್ತೊಂದು ಬಗೆ. ಹೀಗಾಗಿ ಮತ್ತೆ ಮತ್ತೆ ವೀಕ್ಷಿಸಿ, ಮತ್ತೆ ಮತ್ತೆ ಲೆಕ್ಕವನ್ನು ತಿದ್ದುವುದೊಂದೇ ಮಾರ್ಗ.

ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದ ತಜ್ಞರು ಶ್ರೀಹರಿಕೋಟೆಯ ರಾಡಾರಿನ ನೆರವಿನಿಂದ ಹಾಗೆಯೇ ಮಾಡಿದರು. 2022ರ ಅಕ್ಟೋಬರ್ 30ರಂದು ಭಾರತೀಯ ಕಾಲಮಾನ ಬೆಳಗಿನ 5 ಗಂಟೆ 36 ನಿಮಿಷಕ್ಕೆ ರಿಸ್ಯಾಟ್-2 ಜಕಾರ್ತದ ಸಮೀಪ, ಹಿಂದೂ ಮಹಾಸಾಗರದ ಮೇಲೆ ವಾತಾವರಣವನ್ನು ಹೊಕ್ಕಿತು. ಅದರ ಚೂರುಗಳು ಉಷ್ಣದಿಂದಲೇ ನಾಶವಾಗುವುವೆಂದು ಅಧ್ಯಯನಗಳು ತಿಳಿಸಿದ್ದವು. ಮುಂದೆ 2023ರ ಮಾರ್ಚ್ 7ರಂದು 'ಮೇಘಾ-ಟ್ರಾಪಿಕ್ಸ್' ಉಪಗ್ರಹವನ್ನು, ಉಳಿದಿದ್ದ ಇಂಧನವನ್ನೇ ಬಳಸಿ, ಶಾಂತಸಾಗರದತ್ತ ನಿಯಂತ್ರಿತವಾಗಿ ಇಳಿಸಲಾಯಿತು.

'ಇಷ್ಟು ತಿಳಿದಿದೆ, ಇಷ್ಟು ಸಂದಿಗ್ಧ' ಎಂದು ಅಳೆದು ಹೇಳುವುದೇ ಶಾಸ್ತ್ರದ ಲಕ್ಷಣ. ಅಳತೆಯಿಲ್ಲದ ವಾರ್ತೆಯು ಭಯವನ್ನು ಬಿತ್ತುತ್ತದೆ. ಅಳತೆಯುಳ್ಳ ಸಂದೇಹವು ಜ್ಞಾನದ ಬಾಗಿಲನ್ನು ತೆರೆಯುತ್ತದೆ. ಈ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವುದು ವಿದ್ಯಾಲಯಗಳ ಹೊಣೆ.