ದೊಡ್ಡ ಕರುಳಿನ ಕ್ಯಾನ್ಸರ್ ರೋಗ

ತಲೆನೋವು, ಹಲ್ಲುನೋವು, ಕೆಮ್ಮು, ನೆಗಡಿ ಇವುಗಳ ವಿಚಾರವಾಗಿ ನಾವು ನೆರೆಹೊರೆಯವರ ಸಂಗಡ ಧಾರಾಳವಾಗಿ ಮಾತನಾಡುತ್ತೇವೆ. ಮಲವಿಸರ್ಜನೆಯ ವಿಚಾರವನ್ನಾದರೋ ಹೆತ್ತ ತಾಯಿಯೊಡನೆ ಹೇಳುವುದಕ್ಕೂ ನಾಚುತ್ತೇವೆ. ಈ ನಾಚಿಕೆಯು ಸಭ್ಯತೆಯ ಲಕ್ಷಣವೆಂದು ಎಣಿಸಲ್ಪಟ್ಟಿದೆ. ಸಾಮಾನ್ಯವಾಗಿ ಅದರಿಂದ ಕೇಡೇನೂ ಇಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಎಂಬ ರೋಗವು ಈ ನಾಚಿಕೆಯ ಮರೆಯಲ್ಲಿಯೇ ಬೆಳೆಯುವುದು. ಆರಂಭದಲ್ಲಿ ಕಂಡುಹಿಡಿದರೆ ಬಹುಮಟ್ಟಿಗೆ ಗುಣವಾಗತಕ್ಕ ಈ ರೋಗವು ನಮ್ಮಲ್ಲಿ ಬಹಳ ತಡವಾಗಿ ವೈದ್ಯರ ಕಣ್ಣಿಗೆ ಬೀಳುವುದಕ್ಕೆ ಇದೂ ಒಂದು ಕಾರಣ. ಈ ಸಂಚಿಕೆಯನ್ನು ಓದತಕ್ಕವರು ಪ್ರೌಢಶಾಲೆಯ ವಿದ್ಯಾರ್ಥಿನಿಯರೂ ಅವರ ತಾಯಂದಿರೂ ಆಗಿರುವರೆಂಬುದನ್ನು ಬಲ್ಲೆನು. ಬಲ್ಲೆನಾದುದರಿಂದಲೇ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ನಾವು ಉಂಡ ಅನ್ನವು ಜಠರವನ್ನು ದಾಟಿ ಸಣ್ಣ ಕರುಳಿನಲ್ಲಿ ಪಚನವಾಗಿ, ಅದರ ಸಾರವು ರಕ್ತಕ್ಕೆ ಸೇರಿದ ಮೇಲೆ, ಉಳಿದ ನೀರೂ ಕಸವೂ ಹೊಟ್ಟೆಯ ಬಲಭಾಗದ ಕೆಳಗಡೆಯಲ್ಲಿ ದೊಡ್ಡ ಕರುಳನ್ನು ಪ್ರವೇಶಿಸುವುವು. ಈ ಕರುಳು ಸುಮಾರು ೫ ಅಡಿ ಉದ್ದವಾದುದು. ಅದು ಬಲಗಡೆ ಮೇಲಕ್ಕೆ ಹತ್ತಿ, ಯಕೃತ್ತಿನ ಕೆಳಗೆ ತಿರುಗಿ, ಹೊಟ್ಟೆಗೆ ಅಡ್ಡಲಾಗಿ ಎಡಕ್ಕೆ ಸಾಗಿ, ಅಲ್ಲಿಂದ ಕೆಳಕ್ಕಿಳಿದು, ಕೊನೆಗೆ ಐದಾರು ಅಂಗುಲ ಉದ್ದದ ಗುದನಾಳವಾಗುವುದು. ಕಸದಲ್ಲಿರುವ ನೀರನ್ನು ಹೀರಿಕೊಳ್ಳುವುದು ಅದರ ಮುಖ್ಯವಾದ ಕೆಲಸ. ಆದುದರಿಂದ ಬಲಭಾಗದಲ್ಲಿ ಗಂಜಿಯಂತೆ ತೆಳುವಾಗಿದ್ದ ಪದಾರ್ಥವು ಎಡಭಾಗಕ್ಕೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ರೋಗದ ಚಿಹ್ನೆಗಳು ಮುಂದೆ ಸುಲಭವಾಗಿ ಅರ್ಥವಾಗುವುವು.

ಕರುಳಿನ ಒಳಪೊರೆಯ ಜೀವಕೋಶಗಳು ಕೆಲವೇ ದಿನಗಳು ಬದುಕಿ ಉದುರಿಹೋಗಿ, ಅವುಗಳ ಸ್ಥಾನಕ್ಕೆ ಹೊಸವು ಬರುತ್ತಲೇ ಇರುತ್ತವೆ. ಇಷ್ಟು ಬಿಡುವಿಲ್ಲದೆ ನಡೆಯುವ ಕೆಲಸದಲ್ಲಿ ಒಮ್ಮೊಮ್ಮೆ ತಪ್ಪುಗಳು ಸೇರಿಕೊಳ್ಳುವುದು ಸಹಜ. ತಪ್ಪು ಸೇರಿದ ಕಡೆ ಜೀವಕೋಶಗಳು ಮಿತಿಮೀರಿ ಹೆಚ್ಚಿ, ಅಣಬೆಯಂತೆಯೋ ನರುಲಿಯಂತೆಯೋ ಒಂದು ಸಣ್ಣ ಗಂಟು ಏಳುವುದು. ಇದನ್ನು ಪಾಲಿಪ್ ಎನ್ನುತ್ತಾರೆ. ಪಾಲಿಪ್ ಕ್ಯಾನ್ಸರ್ ಅಲ್ಲ. ಎಷ್ಟೋ ಪಾಲಿಪುಗಳು ಕಡೆಯವರೆಗೂ ಹಾಗೆಯೇ ಇದ್ದುಬಿಡುತ್ತವೆ. ಕೆಲವು ಮಾತ್ರ ತಪ್ಪಿನ ಮೇಲೆ ತಪ್ಪು ಕೂಡಿ ಕೆಡುಕಿಗೆ ತಿರುಗುವುವು. ಹೀಗೆ ಹಂತಹಂತವಾಗಿ ನಡೆಯುವ ಬದಲಾವಣೆಯನ್ನು ಅಮೆರಿಕಾದ ವೋಗಲ್‌ಸ್ಟೈನ್ ಎಂಬ ವಿಜ್ಞಾನಿಯು ಫಿಯರಾನ್ ಎಂಬವರೊಡನೆ ೧೯೯೦ರಲ್ಲಿ ವಿಶದವಾಗಿ ನಿರೂಪಿಸಿದನು. ಪಾಲಿಪ್ ಹುಟ್ಟಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುವುದು. ಇಷ್ಟು ದೀರ್ಘವಾದ ಅವಕಾಶವನ್ನು ಮನುಷ್ಯನಿಗೆ ಕೊಡುವ ಕ್ಯಾನ್ಸರುಗಳು ಹೆಚ್ಚಾಗಿ ಇಲ್ಲ. ೧೯೬೯ರಲ್ಲಿ ನ್ಯೂಯಾರ್ಕಿನಲ್ಲಿ ಶಿನ್ಯಾ ಮತ್ತು ವುಲ್ಫ್ ಎಂಬ ವೈದ್ಯರು, ಬಗ್ಗುವ ಕೊಳವೆಯೊಂದನ್ನು ಕರುಳಿನೊಳಕ್ಕೆ ತೂರಿಸಿ, ಅದರ ಮೂಲಕ ತಂತಿಯ ಕುಣಿಕೆಯನ್ನು ಹಾಕಿ ಪಾಲಿಪನ್ನು ಕತ್ತರಿಸಿ ತೆಗೆದರು. ಹೊಟ್ಟೆಯನ್ನು ಕೊಯ್ಯದೆ, ಕ್ಯಾನ್ಸರ್ ಹುಟ್ಟುವುದಕ್ಕೆ ಮೊದಲೇ ಅದರ ಮೊಳಕೆಯನ್ನು ಚಿವುಟುವ ಉಪಾಯವು ಹೀಗೆ ದೊರಕಿತು. ಈ ಪರೀಕ್ಷೆಯೇ ಕೊಲೊನೋಸ್ಕೋಪಿ.

ಇನ್ನು ಚಿಹ್ನೆಗಳು. ಎಡಭಾಗದಲ್ಲಿ ಗಂಟು ಬೆಳೆದರೆ, ಅಲ್ಲಿಯ ಮಲವು ಗಟ್ಟಿಯಾಗಿರುವುದರಿಂದ ದಾರಿಯು ಬೇಗನೆ ಇಕ್ಕಟ್ಟಾಗುವುದು. ಕೆಲವು ದಿನ ಮಲಬದ್ಧತೆ, ಕೆಲವು ದಿನ ಭೇದಿ, ಹೊಟ್ಟೆಯುಬ್ಬರ, ಮಲದೊಡನೆ ರಕ್ತ, ವಿಸರ್ಜನೆಯಾದ ಮೇಲೂ ಪೂರ್ತಿಯಾಗಲಿಲ್ಲವೆಂಬ ಭಾವನೆ ಇವು ತೋರುವುವು. ನಮ್ಮ ಮನೆಗಳಲ್ಲಿ ರಕ್ತ ಕಂಡೊಡನೆ "ಮೂಲವ್ಯಾಧಿ, ಉಷ್ಣವಾಗಿದೆ" ಎಂದು ತೀರ್ಮಾನಿಸಿ, ಮಜ್ಜಿಗೆ ಕುಡಿಸಿ, ಮೆಂತ್ಯವನ್ನು ನೆನೆಹಾಕಿ, ಅಂಗಡಿಯಿಂದ ಮುಲಾಮು ತರಿಸುವುದು ರೂಢಿ. ಬಹುಜನರಿಗೆ ಅದು ಮೂಲವ್ಯಾಧಿಯೇ ಆಗಿರುವುದೆಂಬುದೂ ನಿಜವೇ. ಕಷ್ಟವಿರುವುದು ಇಲ್ಲಿಯೇ: ಒಂದೇ ಮನುಷ್ಯನಿಗೆ ಮೂಲವ್ಯಾಧಿಯೂ ಇದ್ದು, ಅದರ ಒಂದು ಗೇಣು ಮೇಲೆ ಕ್ಯಾನ್ಸರೂ ಇರಬಹುದು. ಹೊರಗೆ ಕಂಡ ಒಂದು ಕಾರಣವು ಒಳಗಿನ ಇನ್ನೊಂದನ್ನು ಇಲ್ಲವೆನಿಸುವುದಿಲ್ಲ. ಕೆಲವು ವಾರಗಳಾದರೂ ರಕ್ತ ನಿಲ್ಲದಿದ್ದರೆ, ಇಲ್ಲವೆ ವಿಸರ್ಜನೆಯ ಕ್ರಮವೇ ಬದಲಾಗಿದ್ದರೆ, ವೈದ್ಯರು ಬೆರಳಿನಿಂದ ಪರೀಕ್ಷಿಸಿ, ಬೇಕಾದರೆ ಕೊಳವೆಯಿಂದ ನೋಡತಕ್ಕದ್ದು. ಬೆರಳಿನ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಗುದನಾಳದ ಎಷ್ಟೋ ಗಂಟುಗಳು ಅದರಿಂದಲೇ ಸಿಕ್ಕುವುವು. ಅದಕ್ಕೆ ಒಪ್ಪದೆ ಎದ್ದು ಬರುವ ರೋಗಿಯು ತನಗೆ ತಾನೇ ಅನ್ಯಾಯ ಮಾಡಿಕೊಂಡಂತೆ.

ಬಲಭಾಗದ ರೋಗವು ಇದಕ್ಕಿಂತ ಗೂಢವಾದುದು. ಅಲ್ಲಿ ದಾರಿ ಅಗಲ, ಪದಾರ್ಥ ತೆಳು; ಆದುದರಿಂದ ಗಂಟು ಬಹಳ ದೊಡ್ಡದಾಗುವವರೆಗೂ ಅಡಚಣೆಯಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸ್ವಲ್ಪಸ್ವಲ್ಪವಾಗಿ ರಕ್ತವನ್ನು ಸೋರಿಸುತ್ತಾ ಇರುವುದು. ತಿಂಗಳುಗಳು ಕಳೆದಂತೆ ರೋಗಿಯು ಬಿಳಿಚಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಈ ರಕ್ತಹೀನತೆಯ ವಿಷಯದಲ್ಲಿ ಸ್ತ್ರೀಯರು ವಿಶೇಷವಾಗಿ ಮೋಸಹೋಗುತ್ತಾರೆ. ಮುಟ್ಟು, ಹೆರಿಗೆ, ಮನೆಯವರೆಲ್ಲ ಉಂಡಮೇಲೆ ಉಳಿದದ್ದನ್ನು ಉಣ್ಣುವ ಅಭ್ಯಾಸ ಇವುಗಳಿಂದ ನಮ್ಮ ಹೆಂಗಸರಲ್ಲಿ ರಕ್ತಹೀನತೆಯು ಎಷ್ಟು ಸಾಮಾನ್ಯವೆಂದರೆ, ಅದಕ್ಕೆ ಬೇರೊಂದು ಕಾರಣವಿರಬಹುದೆಂದು ಯಾರಿಗೂ ತೋರುವುದಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಬರೆದುಕೊಟ್ಟರೆ ವಿಚಾರಣೆ ಮುಗಿಯಿತು. ಮುಟ್ಟು ನಿಂತುಹೋದ ತಾಯಿಗಾಗಲಿ, ಗಂಡಸಿಗಾಗಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬಂದರೆ ರಕ್ತವು ಎಲ್ಲಿ ಸೋರುತ್ತಿದೆಯೆಂದು ಹುಡುಕಲೇಬೇಕು. ಮನೆಯಲ್ಲಿ ವೈದ್ಯರ ಚೀಟಿಗಳನ್ನು ಓದಿ ಹೇಳುವ ಕೆಲಸವು ಸಾಮಾನ್ಯವಾಗಿ ಓದುಬಲ್ಲ ಮಗಳದು. ಅಜ್ಜಿಯ ಹೀಮೋಗ್ಲೋಬಿನ್ ಎಂಟಕ್ಕೆ ಇಳಿದಿರುವುದನ್ನು ಕಂಡ ಹುಡುಗಿಯು "ಏಕೆ?" ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಮ್ಮ ವಾಚಕರಿಗೆ ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ದೂರದ ಸ್ಥಳವಲ್ಲ. ಕೇಂದ್ರ ಸಚಿವರಾಗಿದ್ದು ೧೯೫೪ರಲ್ಲಿ ತೀರಿಕೊಂಡ ರಫಿ ಅಹಮದ್ ಕಿದ್ವಾಯಿ ಅವರ ಹೆಸರನ್ನು ಹೊತ್ತ ಈ ಆಸ್ಪತ್ರೆಯು ೧೯೭೩ರಲ್ಲಿ ಪ್ರಾರಂಭವಾಯಿತು. ಅಲ್ಲಿ ಚಿಕಿತ್ಸೆಯಲ್ಲದೆ ಇನ್ನೊಂದು ಉಪಯುಕ್ತವಾದ ಕಾರ್ಯವೂ ನಡೆದು ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ ೧೯೮೨ರಿಂದ ಬೆಂಗಳೂರು ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಇಲ್ಲಿ ಇಡುತ್ತಿದ್ದಾರೆ; ಮುಂಬಯಿ ಮತ್ತು ಚೆನ್ನೈ ನಗರಗಳೂ ಈ ಯೋಜನೆಯ ಆರಂಭದಲ್ಲಿಯೇ ಸೇರಿದ್ದುವು. ಸಿಬ್ಬಂದಿಯು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ, ಮರಣದ ದಾಖಲೆಗಳನ್ನೂ ನೋಡಿ, ಒಬ್ಬೊಬ್ಬ ರೋಗಿಯನ್ನು ಬರೆದುಕೊಳ್ಳುತ್ತಾರೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಮೆಯೇ ಸರಿ. ಆದರೆ ಬೆಂಗಳೂರಿನ ಲೆಕ್ಕದಲ್ಲಿ ಅದು ಏರುತ್ತಾ ಬಂದಿರುವುದು.

ಈ ಏರಿಕೆಗೆ ಒಂದೇ ಕಾರಣವನ್ನು ಹೇಳುವುದು ಸಾಧ್ಯವಿಲ್ಲ. ಆಯುಸ್ಸು ಹೆಚ್ಚಿದೆ, ಮುಪ್ಪಿನಲ್ಲಿ ಈ ರೋಗ ಹೆಚ್ಚು. ಸ್ಥೂಲಕಾಯ, ಕುಳಿತೇ ಮಾಡುವ ಕೆಲಸ, ಹೊಗೆಸೊಪ್ಪು, ಮದ್ಯ ಇವು ಅಪಾಯವನ್ನು ಹೆಚ್ಚಿಸುವುವೆಂಬುದು ಸಿದ್ಧವಾಗಿದೆ. ಉಪ್ಪು, ಹೊಗೆ, ರಾಸಾಯನಿಕಗಳಿಂದ ಕೆಡದಂತೆ ಮಾಡಿದ ಮಾಂಸಪದಾರ್ಥಗಳನ್ನು ೨೦೧೫ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಉಗಾಂಡಾದಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಎಂಬವರು, ಹಳ್ಳಿಯ ಆಫ್ರಿಕನರಲ್ಲಿ ಈ ರೋಗವು ಬಹು ವಿರಳವೆಂಬುದನ್ನು ಕಂಡು, ಅವರ ಆಹಾರದಲ್ಲಿದ್ದ ನಾರೇ ಕಾರಣವಿರಬಹುದೆಂದು ೧೯೭೧ರಲ್ಲಿ ಬರೆದರು. ಅವರ ಮಾತು ಅಕ್ಷರಶಃ ಸ್ಥಿರಪಡದಿದ್ದರೂ, ತೌಡು ತೆಗೆಯದ ಧಾನ್ಯ, ಕಾಳು, ಸೊಪ್ಪುಗಳಲ್ಲಿಯ ನಾರು ಹಿತಕಾರಿಯೆಂಬುದನ್ನು ಮುಂದಿನ ಪರಿಶೀಲನೆಗಳು ಬೆಂಬಲಿಸಿವೆ. ರಾಗಿಮುದ್ದೆ, ಅವರೆಕಾಳಿನ ಸಾರು, ಬಸ್ಸಾರು ಇವನ್ನು ಹಳ್ಳಿಯ ಊಟವೆಂದು ಹೀಗಳೆಯುವವರಿಗೆ ಇದು ತಿಳಿದಿರಲಿ. ಆದರೆ ಮುದ್ದೆ ಉಂಡವರಿಗೆ ರೋಗ ಬರುವುದೇ ಇಲ್ಲವೆಂದು ತಿಳಿಯಬಾರದು. ಶುದ್ಧ ಶಾಕಾಹಾರಿಗಳಿಗೂ, ಯಾವ ದುರಭ್ಯಾಸವೂ ಇಲ್ಲದವರಿಗೂ ಬರುವುದುಂಟು. ವಯಸ್ಸೂ ಪೂರ್ಣ ರಕ್ಷೆಯಲ್ಲ: ಚಾಡ್ವಿಕ್ ಬೋಸ್‌ಮನ್ ಎಂಬ ಅಮೆರಿಕಾದ ಪ್ರಸಿದ್ಧ ನಟನು ೨೦೨೦ರಲ್ಲಿ ಈ ರೋಗದಿಂದ ತೀರಿಕೊಂಡಾಗ ಅವನಿಗೆ ೪೩ ವರ್ಷ.

ಕೆಲವು ಕುಟುಂಬಗಳಲ್ಲಿ ಮಾತ್ರ ಕಾರಣವು ರಕ್ತದಲ್ಲಿಯೇ ಇಳಿದು ಬರುವುದು. ಇದರ ಚರಿತ್ರೆಯು ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳಿಂದ ಪ್ರಾರಂಭವಾಗುತ್ತದೆ. ೧೮೯೫ರಲ್ಲಿ ಅಮೆರಿಕಾದ ಮಿಷಿಗನ್ ಪ್ರಾಂತದಲ್ಲಿ ವಾರ್ಥಿನ್ ಎಂಬ ವೈದ್ಯನಿಗೆ ಬಟ್ಟೆ ಹೊಲಿಯುತ್ತಿದ್ದ ಅವಳು, ತನ್ನ ಮನೆತನದವರೆಲ್ಲ ಗರ್ಭಕೋಶದ ಇಲ್ಲವೆ ಕರುಳಿನ ಕ್ಯಾನ್ಸರಿನಿಂದ ಎಳೆಯ ವಯಸ್ಸಿನಲ್ಲಿ ಸಾಯುತ್ತಿರುವರೆಂದೂ, ತನಗೂ ಅದೇ ಗತಿಯೆಂದೂ ಹೇಳಿಕೊಂಡಳು. ಹಾಗೆಯೇ ಅವಳು ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವೈದ್ಯನು ಅವಳ ಮಾತನ್ನು ನಕ್ಕು ಬಿಡದೆ ವಂಶಾವಳಿಯನ್ನು ಬರೆದು ೧೯೧೩ರಲ್ಲಿ ಪ್ರಕಟಿಸಿದನು. ೧೯೬೦ರ ದಶಕದಲ್ಲಿ ಹೆನ್ರಿ ಲಿಂಚ್ ಎಂಬವರು ಇಂಥ ಕುಟುಂಬಗಳ ಅಧ್ಯಯನವನ್ನು ಮುಂದುವರಿಸಿದರು. ೧೯೯೩ರಲ್ಲಿ ಇದಕ್ಕೆ ಕಾರಣವಾದ ಮೊದಲ ಜೀನ್ ಪತ್ತೆಯಾಯಿತು. ಈಗ ಇದನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಹೊಲಿಗೆಯವಳು ತನ್ನ ಚಿಕ್ಕಮ್ಮ ದೊಡ್ಡಪ್ಪಂದಿರು ಯಾವ ರೋಗದಿಂದ ಸತ್ತರೆಂಬುದನ್ನು ಬಲ್ಲವಳಾಗಿದ್ದಳು. ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? "ಹೊಟ್ಟೆನೋವು ಬಂದು ಹೋದರು" ಎಂಬುದಷ್ಟೇ ಮನೆಯಲ್ಲಿ ಉಳಿದಿರುವ ಚರಿತ್ರೆ.

ಚಿಹ್ನೆಗಳೇ ಇಲ್ಲದವರಲ್ಲಿ ರೋಗವನ್ನು ಹುಡುಕುವ ಕ್ರಮವೂ ಉಂಟು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ರಾಸಾಯನಿಕವಾಗಿ ನೋಡುವುದು ಅತ್ಯಂತ ಸುಲಭವಾದುದು. ಮಿನ್ನೆಸೋಟಾದಲ್ಲಿ ಸಾವಿರಾರು ಜನರನ್ನು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಿ, ರಕ್ತ ಕಂಡವರಿಗೆ ಕೊಲೊನೋಸ್ಕೋಪಿ ಮಾಡಿದ್ದರಿಂದ ಈ ರೋಗದ ಮರಣಗಳು ಸುಮಾರು ಮೂರನೆಯ ಒಂದು ಪಾಲು ಕಡಮೆಯಾದುವೆಂದು ೧೯೯೩ರಲ್ಲಿ ತಿಳಿದುಬಂತು. ನಮ್ಮ ದೇಶದ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರರ ಕ್ಯಾನ್ಸರುಗಳು ಸೇರಿವೆ; ದೊಡ್ಡ ಕರುಳಿನದು ಸೇರಿಲ್ಲ. ಆದುದರಿಂದ ಇಲ್ಲಿ ಯಾರೂ ಮನೆಬಾಗಿಲಿಗೆ ಬಂದು ಕರೆಯುವುದಿಲ್ಲ. ನಾವೇ ಹೋಗಿ ಕೇಳತಕ್ಕದ್ದು.

ರೋಗವೆಂದು ಬಯಾಪ್ಸಿಯಿಂದ ನಿಶ್ಚಯವಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬದುಕುವರೇ? ಇದಕ್ಕೆ ಉತ್ತರವು ಗಂಟಿನ ಗಾತ್ರಕ್ಕಿಂತ ಅದು ಎಲ್ಲಿಯವರೆಗೆ ಹೋಗಿದೆಯೆಂಬುದನ್ನು ಅವಲಂಬಿಸಿದೆ. ಲಂಡನ್ನಿನ ಡ್ಯೂಕ್ಸ್ ಎಂಬ ರೋಗತಜ್ಞನು ೧೯೩೨ರಲ್ಲಿ ಗುದನಾಳದ ಕ್ಯಾನ್ಸರನ್ನು ಮೂರು ವರ್ಗಗಳಾಗಿ ವಿಂಗಡಿಸಿದನು: ಕರುಳಿನ ಗೋಡೆಯೊಳಗೇ ಇರುವುದು, ಗೋಡೆಯನ್ನು ದಾಟಿದುದು, ನೆರೆಯ ದುಗ್ಧಗ್ರಂಥಿಗಳನ್ನು ಸೇರಿದುದು. ಈಗಿನ ನಾಲ್ಕು ಹಂತಗಳ ಪದ್ಧತಿಯಲ್ಲಿ ಯಕೃತ್ತು, ಶ್ವಾಸಕೋಶ ಮೊದಲಾದ ದೂರದ ಅಂಗಗಳಿಗೆ ಹರಡಿದುದು ನಾಲ್ಕನೆಯದು. ಅಮೆರಿಕಾದ ಲೆಕ್ಕದಂತೆ, ರೋಗವು ಕರುಳಿನಲ್ಲಿಯೇ ಇರುವಾಗ ಸಿಕ್ಕಿದ ನೂರು ಮಂದಿಯಲ್ಲಿ ಸುಮಾರು ೯೦ ಮಂದಿ ಐದು ವರ್ಷಗಳ ಮೇಲೂ ಬದುಕಿರುತ್ತಾರೆ. ನೆರೆಯ ಗ್ರಂಥಿಗಳಿಗೆ ಹೋಗಿದ್ದರೆ ಎಪ್ಪತ್ತಕ್ಕೆ ಸ್ವಲ್ಪ ಮೇಲೆ. ದೂರಕ್ಕೆ ಹರಡಿದ್ದರೆ ಸುಮಾರು ೧೫. ನಮ್ಮ ದೇಶದ ಫಲವು ಇಷ್ಟು ಚೆನ್ನಾಗಿಲ್ಲ. ಬಹುಪಾಲು ರೋಗಿಗಳು ಮುಂದುವರಿದ ಹಂತದಲ್ಲಿ ಬರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಈ ಅಂಕಿಗಳು ಗುಂಪಿಗೆ ಸಂಬಂಧಪಟ್ಟವು. ಹಾಸಿಗೆಯ ಮೇಲಿರುವ ಒಬ್ಬ ರೋಗಿಯ ಆಯುಸ್ಸನ್ನು ಇವುಗಳಿಂದ ಗುಣಿಸಿ ಹೇಳಲಾಗದು.

ಚಿಕಿತ್ಸೆಯ ಮೂಲವು ಶಸ್ತ್ರಕ್ರಿಯೆ. ರೋಗವಿರುವ ಕರುಳಿನ ತುಂಡನ್ನು ಅದರ ರಕ್ತನಾಳ, ಗ್ರಂಥಿಗಳ ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ಕಡಮೆಯೆಂದರೆ ೧೨ ಗ್ರಂಥಿಗಳನ್ನಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಹಂತವನ್ನು ನಂಬಿಕೆಯಿಂದ ಹೇಳಬಹುದು. ಮೊದಲ ಹಂತದಲ್ಲಿ ಇಷ್ಟೇ ಸಾಕು. ಗ್ರಂಥಿಗಳಿಗೆ ಹರಡಿದ್ದರೆ ಮೂರರಿಂದ ಆರು ತಿಂಗಳ ಕೀಮೋಥೆರಪಿ ಬೇಕಾಗುವುದು. ಅದರ ಮುಖ್ಯ ಔಷಧಿಯಾದ ಫ್ಲೂರೋಯುರಾಸಿಲ್ ೧೯೫೭ರಲ್ಲಿ ಬಂದದ್ದು. ಕ್ಯಾನ್ಸರ್ ಗಂಟುಗಳು ಯುರಾಸಿಲ್ ಎಂಬ ಪದಾರ್ಥವನ್ನು ಆತುರದಿಂದ ಹೀರುವುದನ್ನು ಅರಿತ ಹೈಡಲ್‌ಬರ್ಗರ್ ಎಂಬ ವಿಜ್ಞಾನಿಯು ಅದಕ್ಕೆ ಫ್ಲೂರಿನ್ನನ್ನು ಜೋಡಿಸಿ, ಆಹಾರದ ವೇಷದಲ್ಲಿ ವಿಷವನ್ನು ಉಣಿಸಿದನು. ಈಗ ಇದೇ ಜಾತಿಯ ಔಷಧಿಯು ಮಾತ್ರೆಯ ರೂಪದಲ್ಲಿಯೂ ಸಿಕ್ಕುವುದು. ಗುದನಾಳದ ರೋಗದಲ್ಲಿ ಅನೇಕರಿಗೆ ಶಸ್ತ್ರಕ್ರಿಯೆಗೆ ಮೊದಲೇ ರೇಡಿಯೇಷನ್ ಕೊಟ್ಟು ಗಂಟನ್ನು ಕುಗ್ಗಿಸುತ್ತಾರೆ. ಯಕೃತ್ತಿನಲ್ಲಿ ಎರಡು ಮೂರು ಮರಿಗಂಟುಗಳು ಮಾತ್ರ ಇದ್ದರೆ ಅವನ್ನೂ ಕತ್ತರಿಸಿ ತೆಗೆದು ಗುಣಪಡಿಸುವುದು ಕೆಲವರಲ್ಲಿ ಸಾಧ್ಯ. ಆದುದರಿಂದ ನಾಲ್ಕನೆಯ ಹಂತವೆಂದ ಕೂಡಲೆ ಕೈಚೆಲ್ಲಬಾರದು. ಲಿಂಚ್ ಸಿಂಡ್ರೋಮಿನಲ್ಲಿ ಕಾಣುವಂಥ ದೋಷವುಳ್ಳ ಗಂಟುಗಳಿಗೆ ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಹೊಸ ಔಷಧಿಗಳು ಬಂದಿವೆ. ಇಂಥ ಗುದನಾಳದ ಗಂಟುಗಳಿದ್ದ ಹನ್ನೆರಡು ಮಂದಿಯಲ್ಲಿ, ಶಸ್ತ್ರಕ್ರಿಯೆಯಿಲ್ಲದೆಯೇ ಗಂಟು ಪೂರ್ತಿಯಾಗಿ ಮಾಯವಾದ ವರದಿಯು ೨೦೨೨ರಲ್ಲಿ ನ್ಯೂಯಾರ್ಕಿನಿಂದ ಬಂತು. ಆದರೆ ಈ ದೋಷವು ಕೆಲವೇ ರೋಗಿಗಳಲ್ಲಿ ಇರತಕ್ಕದ್ದು.

ಎಲ್ಲಕ್ಕಿಂತಲೂ ಜನರು ಅಂಜುವುದು ಚೀಲಕ್ಕೆ. ಕರುಳಿನ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ತಂದು ಹೊಲಿದು, ಅಲ್ಲಿ ಚೀಲವನ್ನು ಅಂಟಿಸುವ ಏರ್ಪಾಡಿದು. ಬಹುಮಂದಿ ದೊಡ್ಡ ಕರುಳಿನ ರೋಗಿಗಳಿಗೆ ಇದು ಬೇಕಾಗುವುದೇ ಇಲ್ಲ. ಹೊಲಿಗೆ ಮಾಗುವವರೆಗೆ ಕೆಲವು ತಿಂಗಳು ಮಾತ್ರ ಇಟ್ಟು ಆಮೇಲೆ ಮುಚ್ಚುವುದೂ ಉಂಟು. ಗುದದ್ವಾರದ ಸಮೀಪದ ರೋಗದಲ್ಲಿ ಕೆಲವರಿಗೆ ಶಾಶ್ವತವಾಗಿರುವುದು. ಚೀಲವಿದ್ದವರು ಸ್ನಾನ ಮಾಡುತ್ತಾರೆ, ಅಡಿಗೆ ಮಾಡುತ್ತಾರೆ, ಬಸ್ಸು ಹತ್ತಿ ಕಚೇರಿಗೆ ಹೋಗುತ್ತಾರೆ. ಸೀರೆಯ ಒಳಗೆ ಅದು ಕಾಣುವುದೂ ಇಲ್ಲ. ಇದರ ಭಯದಿಂದ ಶಸ್ತ್ರಕ್ರಿಯೆಯನ್ನೇ ನಿರಾಕರಿಸಿ ನಾಟಿ ಮದ್ದಿನಲ್ಲಿ ಆರು ತಿಂಗಳು ಕಳೆಯುವವರುಂಟು. ಗುಣವಾಗುವ ಕಾಲವು ಆ ಆರು ತಿಂಗಳಲ್ಲಿಯೇ ಕಳೆದುಹೋಗಬಹುದು. ಹಣದ ಚಿಂತೆಯಿದ್ದವರು ೨೦೧೮ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸತಕ್ಕದ್ದು; ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಜೊತೆಯಲ್ಲಿ ಒಯ್ಯುವುದನ್ನು ಮರೆಯಬಾರದು.

ಚಿಕಿತ್ಸೆ ಮುಗಿದ ಮೇಲೆ ಐದು ವರ್ಷಗಳವರೆಗೆ ಗೊತ್ತಾದ ಕಾಲಕ್ಕೆ ರಕ್ತಪರೀಕ್ಷೆ, ಸಿ.ಟಿ. ಸ್ಕ್ಯಾನ್‌ಗಳನ್ನೂ, ಒಂದು ವರ್ಷಕ್ಕೆ ಮತ್ತೆ ಕೊಲೊನೋಸ್ಕೋಪಿಯನ್ನೂ ಮಾಡಿಸುತ್ತಾರೆ. ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆಯುಂಟು. ಅವರು ೪೦ನೆಯ ವಯಸ್ಸಿನಲ್ಲಿ, ಅಥವಾ ರೋಗಿಗೆ ರೋಗ ತಿಳಿದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆ ಬರುವುದೋ ಆಗ, ಮೊದಲನೆಯ ಕೊಲೊನೋಸ್ಕೋಪಿಯನ್ನು ಮಾಡಿಸಿಕೊಳ್ಳತಕ್ಕದ್ದು. ತಂದೆಗೆ ೪೫ರಲ್ಲಿ ರೋಗ ಕಂಡಿದ್ದರೆ ಮಗಳಿಗೆ ಅದು ೩೫ರಲ್ಲಿ. ಲಿಂಚ್ ಸಿಂಡ್ರೋಮಿನ ಮನೆತನವಾದರೆ ಇನ್ನೂ ಮುಂಚೆ, ಇಪ್ಪತ್ತರಿಂದ ಇಪ್ಪತ್ತೈದರೊಳಗೆ.