ಇಂದಿನ ಧಮ್ಮ ಚಿಂತನೆ: ಸಮ್ಮಾ ಆಜೀವ ಮತ್ತು ರೋಚ್‌ಡೇಲ್‌ನ ತಕ್ಕಡಿ



ಈ ವಾರದ ಅಧ್ಯಯನ ಅಷ್ಟಾಂಗ ಮಾರ್ಗದ ಐದನೆಯ ಅಂಗ: ಸಮ್ಮಾ ಆಜೀವ, ಅಂದರೆ ಸರಿಯಾದ ಜೀವನೋಪಾಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿರುವ ನೀನು ಅಲ್ಲಿ ಕಂಡದ್ದನ್ನು ಬರೆ ಎಂದು ಹಿರಿಯರು ಹೇಳಿದರು. ಹಾಗಾಗಿ ಕಳೆದ ವಾರದ ಒಂದು ದಿನದ ವಿಷಯವನ್ನೇ ಬರೆಯುತ್ತಿದ್ದೇನೆ.

*ಬೆಳಿಗ್ಗೆ ನೋಡಿದ ಅಂಗಡಿ*

ಊರಿನ ವ್ಯಾಪಾರಕ್ಕೂ ಅಲ್ಲಿನ ಜನಕ್ಕೂ ಇರುವ ಸಂಬಂಧ ತಿಳಿಯಲು ನಮ್ಮ ತರಗತಿಯನ್ನು ರೋಚ್‌ಡೇಲ್‌ಗೆ ಕರೆದುಕೊಂಡು ಹೋಗಿದ್ದರು. ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಅಲ್ಲಿ ಟೋಡ್ ಲೇನ್ ಎಂಬ ಬೀದಿಯಲ್ಲಿ 31ನೇ ನಂಬರಿನ ಹಳೆಯ ಕಟ್ಟಡವಿದೆ. 1844ರ ಡಿಸೆಂಬರ್ 21ರ ಸಂಜೆ 28 ಜನ ಅಲ್ಲಿ ಒಂದು ಅಂಗಡಿ ತೆರೆದರು. ಈಗ ಅದು ವಸ್ತುಸಂಗ್ರಹಾಲಯ.

ಅವರು ನೇಕಾರರು, ಕೈಕಸುಬಿನವರು. ಕೂಲಿ ಹೆಚ್ಚಿಸಿ ಎಂದು ಕೇಳಿ ಸೋತಿದ್ದವರು. ಆ ಕಾಲದಲ್ಲಿ ಬಡವರಿಗೆ ಸಿಗುತ್ತಿದ್ದ ಹಿಟ್ಟಿನಲ್ಲಿ ಸೀಮೆಸುಣ್ಣದಂಥ ಬೆರಕೆ, ತೂಕದಲ್ಲಿ ಮೋಸ. ಸಾಲದ ಲೆಕ್ಕ ಅಂಗಡಿಯವನ ಪುಸ್ತಕದಲ್ಲಿ ಇರುತ್ತಿದ್ದರಿಂದ ಬೇರೆ ಅಂಗಡಿಗೆ ಹೋಗುವಂತೆಯೂ ಇರಲಿಲ್ಲ. ಈ ಜನ ವಾರಕ್ಕೆ ಎರಡು ಮೂರು ಪೆನ್ಸ್‌ನಂತೆ ಕೂಡಿಸಿ ಕೂಡಿಸಿ 28 ಪೌಂಡ್ ಬಂಡವಾಳ ಮಾಡಿದರು. ಮೊದಲ ದಿನ ಮಾರಾಟಕ್ಕೆ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು ಮತ್ತು ಮೇಣದಬತ್ತಿ, ಅಷ್ಟೇ.

ಅವರ ನಿಯಮಗಳನ್ನು ಗಮನಿಸಿ. ಬೆರಕೆ ಇಲ್ಲದ ಸಾಮಾನು, ಪೂರ್ತಿ ತೂಕ. ನಗದು ವ್ಯಾಪಾರ, ಸಾಲವಿಲ್ಲ. ಬಂಡವಾಳಕ್ಕೆ ಮಿತವಾದ ಬಡ್ಡಿ. ಉಳಿದ ಲಾಭವನ್ನು, ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಅವರಿಗೇ ವಾಪಸ್ ಹಂಚುವುದು. ಮುಂದೆ ಲಾಭದ ನೂರರಲ್ಲಿ ಎರಡೂವರೆ ಪಾಲನ್ನು ಸದಸ್ಯರ ಓದಿಗಾಗಿ ತೆಗೆದಿಟ್ಟರು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರ ಹಣ ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಹೆಣ್ಣುಮಕ್ಕಳೂ ಸದಸ್ಯರಾಗಬಹುದಿತ್ತು. ಆಗ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಹೆಂಗಸರಿಗೂ ಇರಲಿಲ್ಲ, ಬಹುಪಾಲು ಕೂಲಿಗಾರರಿಗೂ ಇರಲಿಲ್ಲ. ದೇಶ ಕೊಡದ ಮತವನ್ನು ಅವರು ತಮ್ಮ ಅಂಗಡಿಯಲ್ಲಿ ತಾವೇ ಕೊಟ್ಟುಕೊಂಡರು.

*ಆ ಹಲಗೆ, ಈ ಹಲಗೆ*

ಮೊದಲ ದಿನದ ಅಂಗಡಿಯನ್ನು ಅಲ್ಲಿ ಹಾಗೇ ತೋರಿಸಿದ್ದಾರೆ. ಪೀಪಾಯಿಗಳ ಮೇಲೆ ಹಲಗೆ, ಅದರ ಮೇಲೆ ತಕ್ಕಡಿ. ಜೊತೆಯವರು ಫೋಟೊ ತೆಗೆಯುತ್ತಿದ್ದರು. ನನಗೆ ನಮ್ಮೂರಿನ ಅಂಗಡಿಯ ಹಲಗೆ ನೆನಪಾಯಿತು. ಅವ್ವ ದುಡ್ಡನ್ನು ಆ ಹಲಗೆಯ ಮೇಲೆ ಇಡಬೇಕಿತ್ತು, ಕೈಗೆ ಕೊಡುವಂತಿರಲಿಲ್ಲ. ದೂರ ನಿಂತು ಸೆರಗು ಒಡ್ಡಿದರೆ ಮೇಲಿನಿಂದ ಅಕ್ಕಿ ಸುರಿಯುತ್ತಿದ್ದರು. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತು ಎಂಬುದು ಅವ್ವನಿಗೆ ಕಾಣುತ್ತಲೇ ಇರಲಿಲ್ಲ. ಮನೆಗೆ ಬಂದು ಪಾವಿನಲ್ಲಿ ಅಳೆದರೆ ಕಡಿಮೆ. ಮರುದಿನ ಕೇಳಲು ಹೋಗುವ ಹಾಗಿಲ್ಲ.

ಮುಟ್ಟದೇ ಇರುವುದು ಅವಮಾನ ಎಂದಷ್ಟೇ ನಾನು ತಿಳಿದಿದ್ದೆ. ಅದು ತೂಕದ ಮೋಸವೂ ಹೌದು ಎಂದು ಅಂದು ಹೊಳೆಯಿತು. ತಕ್ಕಡಿಯ ಹತ್ತಿರ ನಿಲ್ಲಲು ಬಿಡದವನು ಎಷ್ಟಾದರೂ ತೂಗಬಹುದು.

*ಧಮ್ಮ ಏನು ಹೇಳುತ್ತದೆ*

ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರವನ್ನು ಉಪಾಸಕ ಮಾಡಬಾರದು ಎಂದು ಭಗವಾನ್ ಬುದ್ಧರು ಹೇಳಿದ್ದು ನಮಗೆಲ್ಲ ಬಾಯಿಪಾಠ. ಆದರೆ ಸುಳ್ಳು ತಕ್ಕಡಿ, ಸುಳ್ಳು ಅಳತೆಗಳಿಂದ ದೂರವಿರುವುದನ್ನೂ ಅವರು ಶೀಲದಲ್ಲೇ ಸೇರಿಸಿದ್ದಾರೆ. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕೋಲಿಯರ ದೀಘಜಾಣು ಎಂಬ ಗೃಹಸ್ಥ ತಥಾಗತರ ಬಳಿಗೆ ಬಂದು, ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವ ನಮ್ಮಂಥವರಿಗೆ ಈ ಲೋಕದ ಸುಖಕ್ಕೆ ದಾರಿ ಯಾವುದು ಎಂದು ಕೇಳುತ್ತಾನೆ. ಅದಕ್ಕೆ ನಾಲ್ಕು ಉತ್ತರಗಳು: ದುಡಿಮೆಯಲ್ಲಿ ಶ್ರದ್ಧೆ, ಗಳಿಸಿದ್ದರ ರಕ್ಷಣೆ, ಕಲ್ಯಾಣಮಿತ್ರರ ಸಂಗ, ಆದಾಯಕ್ಕೆ ತಕ್ಕ ಜೀವನ. ಹಣದ ಮಾತಿನ ನಡುವೆ ಕಲ್ಯಾಣಮಿತ್ರರು ಯಾಕೆ ಬಂದರು? ಒಂಟಿಯಾಗಿ ದುಡಿದು ಒಂಟಿಯಾಗಿ ಕಾಪಾಡಿಕೊಳ್ಳುವುದು ಕಷ್ಟ. ರೋಚ್‌ಡೇಲ್‌ನ 28 ಜನಕ್ಕೆ ಆಧಾರವಾದದ್ದೂ ಪರಸ್ಪರ ನಂಬಿಕೆಯೇ.

ಬಾಬಾಸಾಹೇಬರ ಬದುಕಿನಲ್ಲೂ ಇದಕ್ಕೆ ಸಾಕ್ಷಿ ಇದೆ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದು, ಬರೋಡದ ಕೆಲಸ ಬಿಟ್ಟ ಮೇಲೆ ಮುಂಬೈಯಲ್ಲಿ ಅವರು ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಕಚೇರಿ ತೆರೆದಿದ್ದರು. ಸಲಹೆಗಾರ ಅಸ್ಪೃಶ್ಯ ಎಂದು ತಿಳಿದ ಮೇಲೆ ಗಿರಾಕಿಗಳು ಬರುವುದು ನಿಂತಿತು, ಕಚೇರಿ ಮುಚ್ಚಿತು. ವಿದ್ಯೆಗೆ ಕೊರತೆ ಇರಲಿಲ್ಲ, ಮಾರುಕಟ್ಟೆಯ ತಕ್ಕಡಿಯೇ ಸರಿ ಇರಲಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ ಅವರು ಎರಡು ವಿಷಯ ಹೇಳಿದರು. ಒಂದು, ಸಭೆ ನಡೆಸುವ ನಿಯಮ, ಕೋರಂ, ಮತದಾನ ಇವೆಲ್ಲ ಬೌದ್ಧ ಭಿಕ್ಖು ಸಂಘಗಳಿಗೆ ತಿಳಿದಿದ್ದವು. ಎರಡು, ರಾಜಕೀಯದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ ಬರುತ್ತದೆ, ಆದರೆ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೇ ಉಳಿಯುತ್ತದೆ, ಈ ವಿರೋಧವನ್ನು ಬೇಗ ಹೋಗಲಾಡಿಸಬೇಕು. ರೋಚ್‌ಡೇಲ್ ನೋಡಿದ ಮೇಲೆ ಈ ಎರಡು ಮಾತೂ ನನಗೆ ಒಂದೇ ಆಗಿ ಕೇಳಿಸಿದವು. ಸಂಘದ ಒಂದು ಮತ, ಒಂದು ಬೆಲೆ ಎಂಬ ನಿಯಮ ಅಂಗಡಿಯ ಹಲಗೆಯವರೆಗೂ ಬರಬೇಕು.

ನಿಯಮ ಪುಸ್ತಕದಲ್ಲಿದ್ದರೆ ಸಾಲದು. ನಮ್ಮ ನಾಡಿಗೆ ಸಹಕಾರ ಹೊಸದಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಇಂದು ಊರೂರಿಗೂ ಸೊಸೈಟಿ ಇದೆ. ನಮ್ಮಪ್ಪನೂ ಒಂದರಲ್ಲಿ ಷೇರುದಾರರು. ಆದರೆ ವಾರ್ಷಿಕ ಸಭೆಯಲ್ಲಿ ಅವರು ಒಮ್ಮೆಯೂ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ.

*ಸಂಜೆ, ನನ್ನದೇ ತಕ್ಕಡಿ*

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನಿರುವ ಕಡೆ ನಮ್ಮ ದೇಶದವರೊಬ್ಬರ ದಿನಸಿ ಅಂಗಡಿ ಇದೆ. ರವೆ, ತೊಗರಿಬೇಳೆ ಅಲ್ಲೇ ತರುತ್ತೇನೆ. ತಿಂಗಳ ಹಿಂದೆ, ನಾನು ಕನ್ನಡದವನೆಂದು ತಿಳಿದು ಅಂಗಡಿಯ ಹಿರಿಯರು ಪ್ರೀತಿಯಿಂದಲೇ ಕೇಳಿದರು: "ಯಾವೂರು? ನಿಮ್ಮದು ಯಾವ ಪೈಕಿ?" ನಾನು ಬೆಂಗಳೂರು ಎಂದೆ, ಇನ್ನೊಂದು ಪ್ರಶ್ನೆ ಕೇಳಿಸದವನಂತೆ ನಕ್ಕು ಬಂದೆ. ನನ್ನ ಊರು ಬೆಂಗಳೂರಲ್ಲ. ದೀಕ್ಷೆ ಪಡೆದವನು, ಮುಸಾವಾದ ಬಿಡುತ್ತೇನೆ ಎಂದು ದಿನವೂ ಹೇಳುವವನು, ಹೆದರಿ ಸುಳ್ಳು ಹೇಳಿದೆ.

ರೋಚ್‌ಡೇಲ್‌ನಿಂದ ಮರಳುವಾಗ ಅದೇ ಅಂಗಡಿಗೆ ಹೋದೆ. ಬೇಳೆ ತೆಗೆದುಕೊಂಡು ಹೇಳಿದೆ: "ಅಂಕಲ್, ಅವತ್ತು ಕೇಳಿದ್ರಲ್ಲ, ಸರಿಯಾಗಿ ಹೇಳಲಿಲ್ಲ. ನಾವು ಬೌದ್ಧರು, ಬಾಬಾಸಾಹೇಬರ ಜನ." ನಮ್ಮ ಊರಿನ ಹೆಸರನ್ನೂ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಆಯ್ತು ಬಿಡಪ್ಪ" ಎಂದರು. ಚಿಲ್ಲರೆಯನ್ನು ಕೌಂಟರಿನ ಮೇಲಿಟ್ಟರು. ಎಲ್ಲರಿಗೂ ಹಾಗೇ ಇಡುತ್ತಾರೋ, ನನಗೆ ಮಾತ್ರವೋ ತಿಳಿಯದು. ಮುಂದಿನ ವಾರವೂ ಅಲ್ಲಿಗೇ ಹೋಗುತ್ತೇನೆ. ಅವರ ಮನಸ್ಸು ಅವರಿಗೆ ಬಿಟ್ಟದ್ದು. ನನ್ನ ತೂಕವನ್ನು ನಾನೇ ಕಡಿಮೆ ಹೇಳುವುದು ಮಾತ್ರ ಅಂದಿಗೆ ನಿಂತಿತು.

*ನಮ್ಮ ಬಳಗಕ್ಕೆ ಒಂದು ಮಾತು*

ನಮ್ಮಲ್ಲೂ ಪ್ರತಿ ತಿಂಗಳ ಉಳಿತಾಯ ಇದೆ, ಸ್ವಸಹಾಯ ಸಂಘಗಳಿವೆ. ನಿಜ ಹೇಳಿ, ಹೆಚ್ಚು ಹಣ ಹಾಕಿದವರ ಮಾತೇ ಹೆಚ್ಚು ನಡೆಯುವುದಿಲ್ಲವೇ? ಲೆಕ್ಕವನ್ನು ಎಲ್ಲರ ಮುಂದೆ ಓದುತ್ತೇವೆಯೇ? ಹುಣ್ಣಿಮೆಯ ವಂದನೆ ಮುಗಿದ ಮೇಲೆ ಹತ್ತು ನಿಮಿಷ ಲೆಕ್ಕ ಓದೋಣ. ಅಕ್ಕಿ, ಬೇಳೆಯನ್ನು ಹತ್ತು ಮನೆ ಸೇರಿ ಒಟ್ಟಿಗೆ ಕೊಳ್ಳೋಣ. ಉಳಿದದ್ದರಲ್ಲಿ ಒಂದು ಪಾಲು ಮಕ್ಕಳ ಪುಸ್ತಕಕ್ಕೆ ಇಡೋಣ. ತೂಗುವಾಗ ತಕ್ಕಡಿಯ ಮುಳ್ಳು ಎಲ್ಲರಿಗೂ ಕಾಣಲಿ.

*ಇಂದಿನ ಚಿಂತನೆಗೆ*

1. ನನ್ನ ದುಡಿಮೆಯಲ್ಲಿ ಯಾರಿಗೆ ತಕ್ಕಡಿ ಕಾಣದಂತೆ ನಾನು ನಿಂತಿದ್ದೇನೆ?
2. ಹೆದರಿಕೆಯಿಂದ ನನ್ನ ತೂಕವನ್ನು ನಾನೇ ಎಲ್ಲಿ ಕಡಿಮೆ ಹೇಳಿದ್ದೇನೆ?

ಉತ್ತರವನ್ನು ಗುಂಪಿನಲ್ಲಿ ಹಾಕಬೇಕಿಲ್ಲ. ಇಂದು ಐದು ನಿಮಿಷ ಕಣ್ಣು ಮುಚ್ಚಿ ಕೂತು ಯೋಚಿಸಿದರೆ ಸಾಕು.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್, ನಮೋ ಬುದ್ಧಾಯ.